ಕಪಾಟಿನ ಫೈಲು, ಯಂತ್ರದ ಬದಿಯ ಹಾಳೆ: ತಾಂತ್ರಿಕ ದಾಖಲೆಗಳ ಮಾನದಂಡಗಳು ಕೇಳುವುದೇನು?

ತುಮಕೂರಿನ ಹೊರವಲಯದ ಒಂದು ಸಣ್ಣ ಘಟಕ. ಕಂಪ್ಯೂಟರ್ ನಿಯಂತ್ರಣದ ನಾಲ್ಕು ಸಿಎನ್‌ಸಿ ಲೇತ್‌ಗಳು, ಎರಡು ಪಾಳಿ, ಹದಿನೆಂಟು ಜನ. ಕೆಲವು ವರ್ಷಗಳ ಹಿಂದೆ ನಾನು ಅಲ್ಲಿಗೆ ಹೋದ ದಿನ ಬಾಗಿಲ ಬಳಿ ನೀಲಿ ಕ್ರೇಟುಗಳನ್ನು ಸಾಲಾಗಿ ಇಟ್ಟಿದ್ದರು. ಒಳಗೆ ಎಣ್ಣೆ ಸವರಿದ ಉಕ್ಕಿನ ಪಿನ್‌ಗಳು. ಅದೆಲ್ಲ ಖರೀದಿದಾರರು ತಿರಸ್ಕರಿಸಿ ವಾಪಸ್ ಕಳಿಸಿದ ಮಾಲು. ಆಪರೇಟರ್ ಉದಾಸೀನ ಮಾಡಿದವನಲ್ಲ. ಒಂದೊಂದು ಪಿನ್ನನ್ನೂ ಮೈಕ್ರೋಮೀಟರ್‌ನಲ್ಲಿ ಹಿಡಿದು ಅಳೆದಿದ್ದ. ಅವನ ಯಂತ್ರದ ಬಾಗಿಲಿಗೆ ಅಂಟಿಸಿದ್ದ ಡ್ರಾಯಿಂಗ್‌ನಲ್ಲಿ ಪಿನ್ನಿನ ವ್ಯಾಸ 24.987ರಿಂದ 25.000 ಮಿಲಿಮೀಟರ್ ನಡುವೆ ಇರಬೇಕೆಂದಿತ್ತು. ಖರೀದಿದಾರರು ಎರಡು ತಿಂಗಳ ಹಿಂದೆಯೇ ಅದನ್ನು 24.980ರಿಂದ 24.993ಕ್ಕೆ ಇಳಿಸಿ ಹೊಸ ಡ್ರಾಯಿಂಗ್ ಕಳಿಸಿದ್ದರು. ಆ ಹೊಸ ಡ್ರಾಯಿಂಗ್ ಮುದ್ರಣವಾಗಿ, ಸೀಲು ಹಾಕಿಸಿಕೊಂಡು, ಕಚೇರಿಯ ಕಪಾಟಿನ ಫೈಲಿನಲ್ಲಿ ಭದ್ರವಾಗಿತ್ತು. ಆಡಿಟ್‌ಗೆ ಬಂದವರು ಕೇಳಿದ್ದರೆ ಅರೆ ನಿಮಿಷದಲ್ಲಿ ತೆಗೆದು ತೋರಿಸಬಹುದಿತ್ತು.

ಎರಡೂ ಡ್ರಾಯಿಂಗ್‌ಗಳ ನಡುವಿನ ವ್ಯತ್ಯಾಸ ಏಳು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಏಳು ಪಾಲು. ತಲೆಗೂದಲಿನ ದಪ್ಪ ಎಪ್ಪತ್ತು ಮೈಕ್ರಾನ್ ಎಂದಿಟ್ಟುಕೊಂಡರೆ ಅದರ ಹತ್ತರಲ್ಲಿ ಒಂದು ಪಾಲು. ಕಪಾಟಿಗೂ ಆ ಲೇತ್‌ಗೂ ನಡುವಿನ ದೂರ ಇಪ್ಪತ್ತು ಹೆಜ್ಜೆ.

ತಾಂತ್ರಿಕ ದಾಖಲೆ, ಮಾನದಂಡ, ಐಎಸ್‌ಒ, ಎಸ್‌ಒಪಿ ಎಂಬ ಮಾತುಗಳನ್ನು ಕೇಳಿದಾಗಲೆಲ್ಲ ನನಗೆ ಆ ಇಪ್ಪತ್ತು ಹೆಜ್ಜೆ ನೆನಪಾಗುತ್ತದೆ. ಮಾನದಂಡ ಎಂದರೆ ಫೈಲು ತುಂಬಿಸುವ ಕೆಲಸ ಎಂಬ ನಂಬಿಕೆ ನಮ್ಮ ಸಣ್ಣ ಕೈಗಾರಿಕೆಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಆದರೆ ಮಾನದಂಡದ ಮೂಲ ಪಠ್ಯವನ್ನು ಬಿಡಿಸಿ ಓದಿದರೆ ಅದು ಒತ್ತಿ ಹೇಳುವುದು ಆ ಇಪ್ಪತ್ತು ಹೆಜ್ಜೆಯ ವಿಷಯವನ್ನೇ.

ನಮ್ಮ ಜಿಲ್ಲೆಗಳಿಗೆ ಈಗೇಕೆ ಈ ಮಾತು

ತುಮಕೂರಿನ ಪಕ್ಕದ ವಸಂತನರಸಾಪುರದಲ್ಲಿ ಕೈಗಾರಿಕಾ ಪ್ರದೇಶ ಬೆಳೆದಿದೆ, ಆಹಾರ ಸಂಸ್ಕರಣೆಯ ಪಾರ್ಕ್ ಕೂಡ ಅಲ್ಲಿಯೇ ಇದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಕೋಲಾರದ ಕಡೆ ನರಸಾಪುರ, ವೇಮಗಲ್, ಮಾಲೂರುಗಳಲ್ಲಿ ವಾಹನ ಮತ್ತು ಎಲೆಕ್ಟ್ರಾನಿಕ್ಸ್ ಉದ್ಯಮ ನೆಲೆಯೂರಿದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲೂ ಕಾರ್ಖಾನೆಗಳಿವೆ.

ದೊಡ್ಡ ಕಾರ್ಖಾನೆ ಬಂದ ಕಡೆ ಅದಕ್ಕೆ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕಗಳು ಹುಟ್ಟಿಕೊಳ್ಳುತ್ತವೆ. ನೆನ್ನೆಯವರೆಗೆ ಪಂಪ್‌ಸೆಟ್ ಶಾಫ್ಟ್ ತಿರುಗಿಸುತ್ತಿದ್ದ ಲೇತ್ ಮಾಲೀಕನಿಗೆ ಇಂದು ವಾಹನ ಕಂಪನಿಯೊಂದರ ಪೂರೈಕೆದಾರ ಬಂದು ಮೊದಲು ಕೇಳುವುದು ಬೆಲೆಯನ್ನಲ್ಲ, ‘ನಿಮ್ಮ ಡಾಕ್ಯುಮೆಂಟೇಶನ್ ಹೇಗಿದೆ’ ಎಂಬುದನ್ನು. ಐಟಿಐ ಮುಗಿಸಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರ ಕೈಗೆ ಮೊದಲ ದಿನ ಬರುವುದೂ ಇಂಥದ್ದೇ ಒಂದು ಹಾಳೆ. ಮನೆಯಲ್ಲಿ ಯಾರಾದರೊಬ್ಬರು ಕಾರ್ಖಾನೆಗೆ ಹೋಗುವ ಕುಟುಂಬಗಳಿಗೆಲ್ಲ ಇದು ಈಗ ಹತ್ತಿರದ ವಿಷಯ.

ಮಾನದಂಡ ಎಂದರೆ ಒಪ್ಪಂದ

ಮಾನದಂಡ ಎಂದರೆ, ಒಂದು ಕೆಲಸವನ್ನು ಅಥವಾ ವಸ್ತುವನ್ನು ಎಲ್ಲರೂ ಒಂದೇ ರೀತಿ ಅರ್ಥ ಮಾಡಿಕೊಳ್ಳೋಣ ಎಂದು ಮೊದಲೇ ಮಾಡಿಕೊಂಡ ಒಪ್ಪಂದ. ಸೇರು, ಪಾವು, ಚಟಾಕುಗಳ ಕಾಲದಲ್ಲಿ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಹೊಂದುತ್ತಿರಲಿಲ್ಲ. ಕಿಲೋ ಬಂದ ಮೇಲೆ ಆ ಜಗಳ ಮುಗಿಯಿತು. ಭಾರತದಲ್ಲಿ ಈ ಕೆಲಸಕ್ಕೆಂದು 1947ರಲ್ಲಿ ಭಾರತೀಯ ಮಾನಕ ಸಂಸ್ಥೆ ಸ್ಥಾಪನೆಯಾಯಿತು. ಪ್ರೆಶರ್ ಕುಕ್ಕರಿನ ಮೇಲೆ, ಹೆಲ್ಮೆಟ್ಟಿನ ಮೇಲೆ ನಾವು ನೋಡುವ ಐಎಸ್‌ಐ ಗುರುತು ಆ ಹೆಸರಿನಿಂದಲೇ ಬಂದದ್ದು. ಅದರ ಜಾಗದಲ್ಲಿ 1987ರಿಂದ ಭಾರತೀಯ ಮಾನಕ ಬ್ಯೂರೊ ಇದೆ. ಅದೇ 1987ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ, ಅಂದರೆ ಐಎಸ್‌ಒ, ತನ್ನ 9001 ಎಂಬ ಮಾನದಂಡವನ್ನು ಮೊದಲ ಬಾರಿ ಪ್ರಕಟಿಸಿತು. ನಮ್ಮ ಊರಿನ ಘಟಕಗಳ ಗೇಟಿನ ಮೇಲೆ ಕಾಣುವ ‘ಐಎಸ್‌ಒ 9001’ ಫಲಕ ಅದರದ್ದು. ಅದು ವಸ್ತುವಿನ ಗುಣಮಟ್ಟವನ್ನು ಅಳೆಯುವುದಿಲ್ಲ. ಒಂದೇ ಗುಣಮಟ್ಟದ ಮಾಲನ್ನು ಮತ್ತೆ ಮತ್ತೆ ಕೊಡುವ ವ್ಯವಸ್ಥೆ ನಿಮ್ಮಲ್ಲಿದೆಯೇ ಎಂದು ನೋಡುತ್ತದೆ.

ಒಪ್ಪಂದ ಏಕೆ ಬೇಕು ಎಂಬುದಕ್ಕೆ ಡ್ರಾಯಿಂಗ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಒಂದು ವಸ್ತುವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿ ಬರೆದ ಚಿತ್ರಗಳನ್ನು ಹಾಳೆಯ ಮೇಲೆ ಜೋಡಿಸುವುದಕ್ಕೆ ಎರಡು ಪದ್ಧತಿಗಳಿವೆ. ಭಾರತದಲ್ಲಿ ಕಲಿಸುವ ‘ಫಸ್ಟ್ ಆ್ಯಂಗಲ್’ ಪದ್ಧತಿಯಲ್ಲಿ ಮೇಲಿನಿಂದ ಕಂಡ ನೋಟವನ್ನು ಕೆಳಗೆ ಬರೆಯುತ್ತಾರೆ, ಎಡದಿಂದ ಕಂಡ ನೋಟವನ್ನು ಬಲಕ್ಕೆ ಬರೆಯುತ್ತಾರೆ. ಅಮೆರಿಕದಲ್ಲಿ ರೂಢಿಯಲ್ಲಿರುವ ‘ಥರ್ಡ್ ಆ್ಯಂಗಲ್’ ಪದ್ಧತಿಯಲ್ಲಿ ಮೇಲಿನ ನೋಟ ಮೇಲೆಯೇ, ಎಡದ ನೋಟ ಎಡಕ್ಕೇ. ಒಂದನ್ನು ಇನ್ನೊಂದೆಂದು ಓದಿದರೆ ಎಡಬದಿಗೆ ಕೊರೆಯಬೇಕಾದ ರಂಧ್ರ ಬಲಬದಿಗೆ ಬೀಳುತ್ತದೆ. ಅಳತೆಗಳೆಲ್ಲ ಸರಿ ಇದ್ದೂ ಭಾಗ ಕನ್ನಡಿಯ ಬಿಂಬವಾಗಿ ಹುಟ್ಟುತ್ತದೆ. ಇದನ್ನು ತಪ್ಪಿಸಲು ಡ್ರಾಯಿಂಗ್‌ನ ಕೆಳಮೂಲೆಯ ಚೌಕದಲ್ಲಿ ತುದಿ ಕತ್ತರಿಸಿದ ಶಂಕುವಿನ ಪುಟ್ಟ ಗುರುತು ಇರುತ್ತದೆ. ಹೆಬ್ಬೆರಳಿನ ಉಗುರಿನಷ್ಟು ಜಾಗದ ಆ ಗುರುತು ಯಾವ ಪದ್ಧತಿ ಎಂದು ತಿಳಿಸುತ್ತದೆ. ಕಾರ್ಖಾನೆಗೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳುವುದು ಇದನ್ನೇ: ಅಳತೆ ನೋಡುವ ಮುಂಚೆ ಆ ಮೂಲೆ ನೋಡಿ.

ಡೇರಿಯ ದರಪಟ್ಟಿ ಮತ್ತು ಕೈಗೆ ಬರುವ ಚೀಟಿ

ಕಾರ್ಖಾನೆಯ ಕಾಗದಗಳಲ್ಲಿ ಎರಡು ಜಾತಿ. ಮಾಡಬೇಕಾದುದನ್ನು ಹೇಳುವ ಕಾಗದಕ್ಕೆ ಡಾಕ್ಯುಮೆಂಟ್ ಎನ್ನುತ್ತಾರೆ. ಮಾಡಿದ್ದನ್ನು ಹೇಳುವ ಕಾಗದಕ್ಕೆ ರೆಕಾರ್ಡ್ ಎನ್ನುತ್ತಾರೆ. ಹಾಲು ಹಾಕಲು ಡೇರಿಗೆ ಹೋಗುವವರಿಗೆ ಈ ವ್ಯತ್ಯಾಸ ಗೊತ್ತೇ ಇದೆ. ಇಷ್ಟು ಫ್ಯಾಟ್, ಇಷ್ಟು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಇದ್ದರೆ ಲೀಟರಿಗೆ ಇಷ್ಟು ಎಂದು ಗೋಡೆಯ ಮೇಲೆ ಇರುವ ದರಪಟ್ಟಿ ಡಾಕ್ಯುಮೆಂಟ್. ಈ ಬೆಳಿಗ್ಗೆ ನೀವು ಹಾಕಿದ ಹಾಲು ಎಷ್ಟು ಲೀಟರ್, ಫ್ಯಾಟ್ ಎಷ್ಟು ಎಂದು ಯಂತ್ರದಿಂದ ಬರುವ ಚೀಟಿ ರೆಕಾರ್ಡ್. ದರಪಟ್ಟಿ ಬದಲಾಗಬಹುದು, ಬದಲಾಗಬೇಕು ಕೂಡ. ಚೀಟಿಯನ್ನು ಮಾತ್ರ ಯಾರೂ ತಿದ್ದುವಂತಿಲ್ಲ.

ಇದನ್ನು ಗೊಂದಲ ಮಾಡಿಕೊಂಡ ಘಟಕಗಳಲ್ಲಿ ಸೂಚನೆಗಳು ವರ್ಷಾನುಗಟ್ಟಲೆ ಬದಲಾಗದೆ ಉಳಿಯುತ್ತವೆ, ರೆಕಾರ್ಡುಗಳನ್ನು ಆಡಿಟ್‌ನ ಹಿಂದಿನ ರಾತ್ರಿ ಕುಳಿತು ಬರೆಯುತ್ತಾರೆ. ಎರಡೂ ಹಾನಿಯೇ. ಎರಡನೆಯದಂತೂ ಯಾರನ್ನೋ ಮೋಸಗೊಳಿಸುವ ಕೆಲಸ, ಮುಖ್ಯವಾಗಿ ತಮ್ಮನ್ನೇ.

ಡಾಕ್ಯುಮೆಂಟ್‌ಗಳಲ್ಲೂ ಮೇಲು ಕೆಳಗಿನ ಹಂತಗಳಿವೆ. ಇಡೀ ಘಟಕದ ನೀತಿಯನ್ನು ಹೇಳುವ ಕೈಪಿಡಿ ಮೇಲಿನದು. ಖರೀದಿಯಿಂದ ರವಾನೆಯವರೆಗೆ ಒಂದೊಂದು ವಿಭಾಗದ ಕೆಲಸ ಹೇಗೆ ಸಾಗುತ್ತದೆ ಎಂದು ಹೇಳುವುದು ಎಸ್‌ಒಪಿ, ಅಂದರೆ ಲಿಖಿತ ಕಾರ್ಯವಿಧಾನ. ಒಂದು ಯಂತ್ರದ ಮುಂದೆ ನಿಂತ ಒಬ್ಬ ವ್ಯಕ್ತಿ ಏನು ಮಾಡಬೇಕೆಂದು ಹೇಳುವುದು ಕೆಲಸದ ಸೂಚನೆ, ಅಂದರೆ ವರ್ಕ್ ಇನ್‌ಸ್ಟ್ರಕ್ಷನ್. ನಮ್ಮಲ್ಲಿ ಶ್ರಮವೆಲ್ಲ ಮೇಲಿನ ಎರಡಕ್ಕೆ ಹೋಗುತ್ತದೆ. ಮಾಲು ಕೆಡುವುದೂ ಕೈಬೆರಳು ಹೋಗುವುದೂ ಮೂರನೆಯದರ ಹಂತದಲ್ಲಿ.

ಐಎಸ್‌ಒ ಅಷ್ಟೊಂದು ಕಾಗದ ಕೇಳುತ್ತದೆಯೇ?

ಕೇಳುವುದಿಲ್ಲ. ಇದು ಅನೇಕರಿಗೆ ಅಚ್ಚರಿಯ ಸಂಗತಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಐಎಸ್‌ಒ 9001ರ 2008ರ ಆವೃತ್ತಿ ಒಂದು ಗುಣಮಟ್ಟ ಕೈಪಿಡಿಯನ್ನೂ ಆರು ಲಿಖಿತ ಕಾರ್ಯವಿಧಾನಗಳನ್ನೂ ಕಡ್ಡಾಯ ಮಾಡಿತ್ತು. 2015ರ ಆವೃತ್ತಿ ಅವೆರಡು ಕಡ್ಡಾಯಗಳನ್ನೂ ಕೈಬಿಟ್ಟಿತು. ಡಾಕ್ಯುಮೆಂಟ್, ರೆಕಾರ್ಡ್ ಎಂಬ ಹಳೆಯ ಹೆಸರುಗಳ ಬದಲು ‘ದಾಖಲಿತ ಮಾಹಿತಿ’ ಎಂಬ ಒಂದೇ ಮಾತನ್ನು ತಂದಿತು. ಎಷ್ಟು ಬರೆಯಬೇಕು ಎಂಬುದು ಸಂಸ್ಥೆಯ ಗಾತ್ರ, ಕೆಲಸದ ಜಟಿಲತೆ ಮತ್ತು ಕೆಲಸಗಾರರ ಪರಿಣತಿಯನ್ನು ಅವಲಂಬಿಸಿ ಬೇರೆ ಬೇರೆಯಾಗಬಹುದು ಎಂದು 7.5ನೇ ವಿಭಾಗದಲ್ಲಿ ಸ್ಪಷ್ಟವಾಗಿ ಹೇಳಿತು. ಹದಿನೆಂಟು ಜನರ ಘಟಕಕ್ಕೂ ಎಂಟು ಸಾವಿರ ಜನರ ಕಾರ್ಖಾನೆಗೂ ಒಂದೇ ದಪ್ಪದ ಫೈಲು ಬೇಕಿಲ್ಲ ಎಂದು ಇದರ ಅರ್ಥ.

ಅದೇ ವಿಭಾಗದಲ್ಲಿ ಇನ್ನೊಂದು ಮಾತಿದೆ. ದಾಖಲಿತ ಮಾಹಿತಿ ಎಲ್ಲಿ ಬೇಕೋ ಅಲ್ಲಿ, ಯಾವಾಗ ಬೇಕೋ ಆಗ ಸಿಗಬೇಕು ಮತ್ತು ಬಳಸಲು ತಕ್ಕುದಾಗಿರಬೇಕು. ಮೊದಲು ಹೇಳಿದ ತುಮಕೂರಿನ ಘಟಕ ತಪ್ಪಿದ್ದು ಈ ಸಾಲಿನಲ್ಲಿ. ಅಲ್ಲಿ ಕಾಗದದ ಕೊರತೆ ಇರಲಿಲ್ಲ. ಮಾಹಿತಿ ಯಾವ ರೂಪದಲ್ಲಿದ್ದರೂ ಸರಿ: ಕಾಗದ, ಕಂಪ್ಯೂಟರ್, ಫೋಟೊ, ವಿಡಿಯೊ ಎಲ್ಲಕ್ಕೂ ಒಪ್ಪಿಗೆಯಿದೆ. ಒಳ್ಳೆಯ ಭಾಗ ಮತ್ತು ಕೆಟ್ಟ ಭಾಗವನ್ನು ಒಂದು ಹಲಗೆಗೆ ಪಕ್ಕಪಕ್ಕದಲ್ಲಿ ಕಟ್ಟಿ, ಹಸಿರು ಕೆಂಪು ಬಣ್ಣ ಬಳಿದು ಯಂತ್ರದ ಬಳಿ ತೂಗುಹಾಕಿದರೆ ಅದೂ ಸೂಚನೆಯೇ. ಎರಡು ಪುಟದ ವಿವರಣೆ ಮಾಡದ ಕೆಲಸವನ್ನು ಅದು ಮಾಡುತ್ತದೆ.

ವಾಹನ ಉದ್ಯಮದಲ್ಲಿ ಐಎಸ್‌ಒ 9001ರ ಮೇಲೆ ಐಎಟಿಎಫ್ 16949 ಎಂಬ ಇನ್ನೊಂದು ಪದರವಿದೆ. ಕೈಪಿಡಿ ಬೇಕೆಂದು ಅದು ಈಗಲೂ ಕೇಳುತ್ತದೆ. ಖರೀದಿದಾರರು ತಾಂತ್ರಿಕ ವಿವರ ಬದಲಿಸಿದರೆ ಅದನ್ನು 10 ಕೆಲಸದ ದಿನಗಳೊಳಗೆ ಪರಿಶೀಲಿಸಬೇಕೆಂಬ ಗಡುವೂ ಅದರಲ್ಲಿದೆ. ಆ ಘಟಕದಲ್ಲಿ ಪಿನ್ನಿನ ಹೊಸ ಅಳತೆ ಎರಡು ತಿಂಗಳು ಮಲಗಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಎರಡು ಪಹಣಿ ಇದ್ದರೆ ಜಗಳ

ಜಮೀನು ಇರುವವರಿಗೆ ಆವೃತ್ತಿ ನಿಯಂತ್ರಣ ಎಂದರೇನು ಎಂದು ವಿವರಿಸಬೇಕಾಗಿಲ್ಲ. ಒಂದೇ ಸರ್ವೆ ನಂಬರಿಗೆ ಅಣ್ಣನ ಕೈಯಲ್ಲಿ ಒಂದು ಪಹಣಿ, ತಮ್ಮನ ಕೈಯಲ್ಲಿ ಇನ್ನೊಂದು, ಎರಡರಲ್ಲೂ ಬೇರೆ ಹೆಸರು ಎಂದಾದರೆ ಏನಾಗುತ್ತದೆ ಎಂದು ನಮ್ಮ ಹಳ್ಳಿಗಳಿಗೆ ಗೊತ್ತು. ಕರ್ನಾಟಕದಲ್ಲಿ ‘ಭೂಮಿ’ ಯೋಜನೆ ಬಂದು ಪಹಣಿ ಗಣಕೀಕರಣವಾದಾಗ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಘೋಷಿಸಿದ್ದು ಈ ಕಾರಣಕ್ಕೇ. ಹೊಸದನ್ನು ತರುವುದು ಅರ್ಧ ಕೆಲಸ, ಹಳೆಯದನ್ನು ರದ್ದು ಮಾಡುವುದು ಉಳಿದರ್ಧ.

ಕಾರ್ಖಾನೆಯಲ್ಲಿ ಡ್ರಾಯಿಂಗ್‌ಗೆ ಬದಲಾವಣೆ ಆದಾಗಲೆಲ್ಲ ಅದರ ಗುರುತು ಮುಂದಿನ ಅಕ್ಷರಕ್ಕೋ ಸಂಖ್ಯೆಗೋ ಹೋಗುತ್ತದೆ. ಇದಕ್ಕೆ ‘ರಿವಿಷನ್’ ಎನ್ನುತ್ತಾರೆ. ಜಮೀನಿನ ಮ್ಯುಟೇಶನ್ ಇದ್ದ ಹಾಗೆ: ಯಾರು, ಯಾವಾಗ, ಏನು ಬದಲಿಸಿದರು ಎಂಬ ಸರಪಳಿ ಉಳಿಯಬೇಕು. ಹಾಳೆಯ ಮೇಲೆ ಹೆಸರು, ರಿವಿಷನ್ ಗುರುತು, ದಿನಾಂಕ, ಒಪ್ಪಿದವರ ಸಹಿ ಇದ್ದರೆ ಸಣ್ಣ ಘಟಕಕ್ಕೆ ಸಾಕು. ಕಂಪ್ಯೂಟರ್ ತಂತ್ರಾಂಶ ಕೊಳ್ಳಲೇಬೇಕೆಂದಿಲ್ಲ. ಯಾವ ಹಾಳೆಯ ಎಷ್ಟು ಪ್ರತಿಗಳು ಯಾವ ಯಾವ ಯಂತ್ರದ ಬಳಿ ಇವೆ ಎಂದು ಬರೆದಿಟ್ಟ ಒಂದು ನೋಟ್‌ಬುಕ್ ಇದ್ದರೆ, ಬದಲಾವಣೆ ಬಂದ ದಿನ ಆ ಪಟ್ಟಿ ಹಿಡಿದು ಒಂದು ಸುತ್ತು ಬಂದು, ಹಳೆಯ ಪ್ರತಿಗಳನ್ನು ಕಿತ್ತು ತರಬಹುದು. ಹೊಸ ಪ್ರತಿ ಕೊಡುವಾಗ ಹಳೆಯದನ್ನು ಕೈಗೆ ತೆಗೆದುಕೊಂಡೇ ಕೊಡಬೇಕು, ಖಾಲಿ ಗ್ಯಾಸ್ ಸಿಲಿಂಡರ್ ಪಡೆದು ತುಂಬಿದ್ದನ್ನು ಕೊಡುವ ಹಾಗೆ.

ಮೊಬೈಲ್ ಬಂದ ಮೇಲೆ ಇಲ್ಲೊಂದು ಹೊಸ ಅಪಾಯ ಸೇರಿದೆ. ಡ್ರಾಯಿಂಗ್‌ನ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ, ಫಾರ್ವರ್ಡ್ ಆಗುತ್ತದೆ, ಯಾರ ಯಾರ ಫೋನಿನಲ್ಲೋ ಉಳಿಯುತ್ತದೆ. ಅದನ್ನು ವಾಪಸ್ ಪಡೆಯುವ ದಾರಿಯೇ ಇಲ್ಲ. ತುರ್ತಿಗೆ ಫೋಟೊ ನೋಡಿದರೂ, ಕೆಲಸ ಆರಂಭಿಸುವ ಮುನ್ನ ಯಂತ್ರದ ಬಳಿಯ ಸಹಿ ಇರುವ ಪ್ರತಿಯ ರಿವಿಷನ್‌ಗೆ ತಾಳೆ ನೋಡುವುದು ಒಳ್ಳೆಯ ರೂಢಿ.

ದಿನಾಂಕದ ವಿಷಯವೂ ಇಲ್ಲಿಯೇ ಬರುತ್ತದೆ. ಮೇಲೆ ಹೇಳಿದ ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆಯ ದಿನವನ್ನು ನಾವು 06/02/2023 ಎಂದು ಬರೆದರೆ ಅಮೆರಿಕದವರು ಅದನ್ನು ಜೂನ್ 2 ಎಂದು ಓದುತ್ತಾರೆ. ಅದಕ್ಕಾಗಿ ಐಎಸ್‌ಒ 8601 ಎಂಬ ಮಾನದಂಡ ವರ್ಷ, ತಿಂಗಳು, ದಿನ ಎಂಬ ಕ್ರಮ ಹಿಡಿಯುತ್ತದೆ: 2023-02-06.

ಯಾವ ಕನ್ನಡದಲ್ಲಿ ಬರೆಯಬೇಕು?

ಐಎಟಿಎಫ್ 16949 ಈ ವಿಷಯದಲ್ಲಿ ಖಚಿತವಾಗಿದೆ: ಕೆಲಸದ ಸೂಚನೆ ಅದನ್ನು ಪಾಲಿಸಬೇಕಾದವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಓದಲು ಬರುವಂತಿರಬೇಕು, ಕೆಲಸದ ಜಾಗದಲ್ಲೇ ಸಿಗಬೇಕು. ಕಾರ್ಖಾನೆಯ ಸೂಚನಾ ಫಲಕಗಳು ಇಂಗ್ಲಿಷ್ ಜೊತೆಗೆ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 108ನೇ ಕಲಂ ಕೂಡ ಹೇಳಿತ್ತು. ಹಾಗಿದ್ದೂ ‘ಐಎಸ್‌ಒ ಕಾಗದ ಇಂಗ್ಲಿಷಿನಲ್ಲೇ ಇರಬೇಕು’ ಎಂದು ನಂಬಿದ ಮಾಲೀಕರನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಅಂಥ ನಿಯಮವಿಲ್ಲ. ಕನ್ನಡದಲ್ಲಿ ಬರೆದ ಸೂಚನೆ ಅಷ್ಟೇ ಅಧಿಕೃತ.

ಆದರೆ ಕನ್ನಡದಲ್ಲಿ ಬರೆದ ಮಾತ್ರಕ್ಕೆ ಸೂಚನೆ ಸುಲಭವಾಗುವುದಿಲ್ಲ. ಸರ್ಕಾರಿ ಸುತ್ತೋಲೆಯ ಕನ್ನಡ ನಮ್ಮ ಕೈಗೆ ಎಷ್ಟು ಹತ್ತಿಕೊಂಡಿದೆಯೆಂದರೆ, ಪೆನ್ನು ಹಿಡಿದ ಕೂಡಲೇ ‘ತಕ್ಕದ್ದು’ ಬಂದುಬಿಡುತ್ತದೆ. ಒಂದು ಘಟಕದ ಗೋಡೆಯ ಮೇಲೆ ಹೀಗಿತ್ತು:

‘ಯಂತ್ರಕ್ಕೆ ನಿಯತಕಾಲಿಕವಾಗಿ ಸೂಕ್ತ ಪ್ರಮಾಣದ ಎಣ್ಣೆಯನ್ನು ಹಾಕತಕ್ಕದ್ದು.’

ಯಾರು ಹಾಕಬೇಕು? ಎಷ್ಟು ದಿನಕ್ಕೊಮ್ಮೆ? ಸೂಕ್ತ ಪ್ರಮಾಣ ಎಂದರೆ ಲೋಟವೋ ಲೀಟರೋ? ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲದ ಈ ವಾಕ್ಯ ಯಾರಿಗೂ ಏನನ್ನೂ ಹೇಳುವುದಿಲ್ಲ. ‘ತಕ್ಕದ್ದು’ ಎಂಬ ರೂಪಕ್ಕೆ ಮಾಡುವವನೇ ಬೇಕಿಲ್ಲ. ಆದ್ದರಿಂದ ಯಾರೂ ಮಾಡುವುದಿಲ್ಲ. ಅಲ್ಲಿಯ ಸೂಪರ್‌ವೈಸರ್ ಮತ್ತು ನಾನು ಕುಳಿತು ಅದನ್ನು ಹೀಗೆ ಬದಲಿಸಿದೆವು:

‘ಮೊದಲ ಪಾಳಿಯ ಆಪರೇಟರ್, ಯಂತ್ರ ಆನ್ ಮಾಡುವ ಮೊದಲು: ಎಣ್ಣೆಯ ಗಾಜು ನೋಡಿ. ಎಣ್ಣೆ ಕೆಂಪು ಗೆರೆಗಿಂತ ಕೆಳಗಿದ್ದರೆ, ಹಸಿರು ಗೆರೆ ಮುಟ್ಟುವವರೆಗೆ ಹಾಕಿ.’

ವಿಮಾನ ಉದ್ಯಮ ಈ ದಾರಿಯಲ್ಲಿ ಬಹಳ ಹಿಂದೆಯೇ ನಡೆದಿದೆ. ವಿಮಾನಗಳ ನಿರ್ವಹಣಾ ಪುಸ್ತಕಗಳಿಗಾಗಿ ಎಎಸ್‌ಡಿ-ಎಸ್‌ಟಿಇ100 ಎಂಬ ಸರಳ ಇಂಗ್ಲಿಷಿನ ಮಾನದಂಡವಿದೆ. ಸೂಚನೆಯ ವಾಕ್ಯ 20 ಪದ ಮೀರಬಾರದು, ಒಂದು ಪದಕ್ಕೆ ಒಂದೇ ಅರ್ಥವಿರಬೇಕು ಎನ್ನುವುದು ಅದರ ನಿಯಮಗಳಲ್ಲಿ ಸೇರಿವೆ. ಜಗತ್ತಿನ ಬೇರೆ ಬೇರೆ ದೇಶಗಳ ಮೆಕ್ಯಾನಿಕ್‌ಗಳಲ್ಲಿ ಅನೇಕರಿಗೆ ಇಂಗ್ಲಿಷ್ ತಾಯ್ನುಡಿಯಲ್ಲ ಎಂಬ ಅರಿವಿನಿಂದ ಹುಟ್ಟಿದ ಶಿಸ್ತು ಇದು. ಕನ್ನಡದಲ್ಲಿ ಪದಗಳು ಉದ್ದ, ಹಾಗಾಗಿ ಲೆಕ್ಕ ಇನ್ನೂ ಬಿಗಿಯಾಗಬೇಕು: ಒಂದು ವಾಕ್ಯಕ್ಕೆ ಒಂದೇ ಕೆಲಸ.

ಪದಗಳ ಆಯ್ಕೆಯಲ್ಲಿ ಕಾರ್ಖಾನೆಯ ನಾಲಿಗೆಯೇ ಪ್ರಮಾಣ. ಅಲ್ಲಿ ಸ್ಪ್ಯಾನರ್ ಎಂದರೆ ಸ್ಪ್ಯಾನರ್, ಕೂಲಂಟ್ ಎಂದರೆ ಕೂಲಂಟ್. ಅದಕ್ಕೆ ನಿಘಂಟಿನಿಂದ ಹೊಸ ಹೆಸರು ಹುಡುಕಿ ತಂದರೆ ಕನ್ನಡಕ್ಕೆ ಸೇವೆ ಸಲ್ಲುವುದಿಲ್ಲ, ಓದುವವನಿಗೆ ತೊಡಕಾಗುತ್ತದೆ. ಒಂದು ವಸ್ತುವನ್ನು ಎರಡನೇ ಹೆಜ್ಜೆಯಲ್ಲಿ ‘ಬೋಲ್ಟ್’ ಎಂದೂ ಐದನೇ ಹೆಜ್ಜೆಯಲ್ಲಿ ‘ಸ್ಕ್ರೂ’ ಎಂದೂ ಕರೆಯಬಾರದು. ಕಥೆ ಬರೆಯುವವರು ಒಂದೇ ಪದ ಮತ್ತೆ ಮತ್ತೆ ಬರದಂತೆ ನೋಡಿಕೊಳ್ಳುತ್ತಾರೆ. ಇಲ್ಲಿ ಒಂದೇ ಪದ ಮತ್ತೆ ಮತ್ತೆ ಬರಲೇಬೇಕು.

ಎಚ್ಚರಿಕೆಯ ಮಾತು ಯಾವ ಹೆಜ್ಜೆಗೆ ಸೇರಿದ್ದೋ ಅದಕ್ಕಿಂತ ಮುಂಚೆ ಬರಬೇಕು. ‘ಪ್ಯಾನಲ್ ಮುಚ್ಚಳ ತೆಗೆಯಿರಿ. ಗಮನಿಸಿ: ತೆಗೆಯುವ ಮೊದಲು ಮೇನ್ ಆಫ್ ಮಾಡಿರಬೇಕು’ ಎಂಬ ಸೂಚನೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೈ ಓದಿದಷ್ಟನ್ನು ಮಾಡುತ್ತಾ ಹೋಗುತ್ತದೆ. ಎರಡನೇ ವಾಕ್ಯ ಓದುವ ಹೊತ್ತಿಗೆ ಮುಚ್ಚಳ ತೆರೆದಿರುತ್ತದೆ.

ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಇನ್ನೊಂದು ಸಂಗತಿಯಿದೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು, ಕೆಜಿಎಫ್ ಕಡೆ ತಮಿಳು. ಜೊತೆಗೆ ಉತ್ತರ ಮತ್ತು ಪೂರ್ವ ಭಾರತದಿಂದ ಬಂದ ಕೆಲಸಗಾರರಿದ್ದಾರೆ. ನಾಲ್ಕು ಭಾಷೆಗಳಲ್ಲಿ ಬರೆದ ಹಾಳೆ ಯಾರ ಕಣ್ಣಿಗೂ ನಿಲುಕುವುದಿಲ್ಲ. ಅಲ್ಲಿ ಫೋಟೊ, ಬಾಣದ ಗುರುತು, ಅಂಕಿ ಇವೇ ಮುಖ್ಯವಾಗಬೇಕು, ಮಾತು ಕಡಿಮೆಯಾಗಬೇಕು. ಸುರಕ್ಷತೆಯ ಗುರುತುಗಳಿಗಂತೂ ಐಎಸ್‌ಒ 7010 ಇದೆ: ಹಳದಿ ತ್ರಿಕೋನ ಅಪಾಯದ ಎಚ್ಚರಿಕೆ, ನೀಲಿ ವೃತ್ತ ಮಾಡಲೇಬೇಕಾದುದು, ಅಡ್ಡಗೆರೆಯ ಕೆಂಪು ವೃತ್ತ ಮಾಡಬಾರದ್ದು.

ಅನುಭವಿಗಳಿಗೂ ಪಟ್ಟಿ ಏಕೆ?

‘ಇಪ್ಪತ್ತು ವರ್ಷದಿಂದ ಮಾಡುತ್ತಿದ್ದೇನೆ, ನನಗೇಕೆ ಹಾಳೆ’ ಎಂಬ ಮಾತಿನಲ್ಲಿ ಅಭಿಮಾನವಿದೆ, ಅದಕ್ಕೆ ಬೆಲೆ ಕೊಡಬೇಕು. ಆದರೆ 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಿಯೊದಲ್ಲಿ ಬೋಯಿಂಗ್‌ನ ಹೊಸ ಬಾಂಬರ್ ವಿಮಾನವೊಂದು ಮೇಲೇರಿದ ಕೂಡಲೇ ಬಿದ್ದಾಗ ಅದನ್ನು ನಡೆಸುತ್ತಿದ್ದವರು ನುರಿತ ಪೈಲಟ್‌ಗಳೇ. ನೆಲದ ಮೇಲೆ ನಿಂತಾಗ ಗಾಳಿಗೆ ಅಲುಗದಂತೆ ಹಾಕುವ ಒಂದು ಲಾಕನ್ನು ತೆಗೆಯುವುದು ಮರೆತುಹೋಗಿತ್ತು. ಅದರ ನಂತರ ಪೈಲಟ್‌ಗಳಿಗೆಂದು ಚೆಕ್‌ಲಿಸ್ಟ್ ಮಾಡಿದರು. ಕಲಿಸುವುದಕ್ಕಾಗಿ ಮಾಡಿದ್ದಲ್ಲ ಅದು, ಮರೆವಿನಿಂದ ಕಾಯುವುದಕ್ಕಾಗಿ.

ಚೆಕ್‌ಲಿಸ್ಟಿಗೂ ಒಂದು ರೋಗವಿದೆ. ಸಾಲು ಸಾಲು ಟಿಕ್ ಗುರುತುಗಳು ಒಂದೇ ಪೆನ್ನಿನಿಂದ, ಒಂದೇ ಓರೆಯಲ್ಲಿ ಬಿದ್ದಿದ್ದರೆ ಅವನ್ನು ಒಂದೇ ಸಲಕ್ಕೆ ಹಾಕಿದ್ದಾರೆಂದು ತಿಳಿಯುತ್ತದೆ. ಟಿಕ್ ಬದಲು ಅಂಕಿ ಕೇಳಿದರೆ ಇದು ಬಹುಮಟ್ಟಿಗೆ ನಿಲ್ಲುತ್ತದೆ. ಹಣ್ಣಿನ ಘಟಕವೊಂದರ ಶೀತಲ ಕೋಣೆಯ ಹಾಳೆಯಲ್ಲಿ ‘ತಾಪಮಾನ ಸರಿಯಿದೆ’ ಎಂದು ಆರು ದಿನ ಟಿಕ್ ಹಾಕಿದ್ದಾರೆ ಎಂದುಕೊಳ್ಳಿ. ಅದರಿಂದ ಏನೂ ತಿಳಿಯುವುದಿಲ್ಲ. ಅದೇ ಜಾಗದಲ್ಲಿ 4, 4, 5, 5, 6, 7 ಎಂದಿದ್ದರೆ, ಕಂಪ್ರೆಸರ್ ಸೋಲುತ್ತಿದೆ ಎಂದು ಮಾಲು ಕೆಡುವ ಮೊದಲೇ ಹಾಳೆ ಹೇಳುತ್ತದೆ.

ಎಲ್ಲಿಂದ ಶುರು ಮಾಡುವುದು

ಸಿದ್ಧ ಫೈಲು ಕೊಂಡುಕೊಳ್ಳುವುದರಿಂದ ಬೇಡ. ಇನ್ನೊಂದು ಕಂಪನಿಯ ಹೆಸರು ಅಳಿಸಿ ನಮ್ಮ ಹೆಸರು ಹಾಕಿದ ಕೈಪಿಡಿಗಳು ಮಾರಾಟಕ್ಕೆ ಸಿಗುತ್ತವೆ. ಅವು ನಮ್ಮಲ್ಲಿಲ್ಲದ ವಿಭಾಗಗಳ ಬಗ್ಗೆ ಮಾತನಾಡುತ್ತವೆ. ಕಳೆದ ವರ್ಷ ಯಾವ ಕೆಲಸದಲ್ಲಿ ಹೆಚ್ಚು ಮಾಲು ವಾಪಸ್ ಬಂತು ಅಥವಾ ಯಾರಿಗಾದರೂ ಪೆಟ್ಟಾಯಿತು ಎಂದು ನೋಡಿ, ಆ ಒಂದು ಕೆಲಸಕ್ಕೆ ಒಂದು ಹಾಳೆ ಬರೆಯಬೇಕು. ಬರೆದದ್ದನ್ನು ಆ ಕೆಲಸ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು, ಪಕ್ಕದಲ್ಲಿ ಬಲ್ಲವರನ್ನು ನಿಲ್ಲಿಸಿ, ಬಾಯಿ ಬಿಡದೆ ನೋಡಬೇಕು. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಹಾಳೆ ತಪ್ಪಿದೆ.

ತುಮಕೂರಿನ ಆ ಘಟಕದಲ್ಲಿ ನಾವು ಮಾಡಿದ್ದು ಹೀಗೆಯೇ. ಪಿನ್ನಿನ ಲೇತ್‌ಗೆ ಒಂದು ಹಾಳೆ, ಆರು ಫೋಟೊ, ಹನ್ನೊಂದು ಸಾಲು ಕನ್ನಡ. ಕಚೇರಿಯಲ್ಲಿ ಎಲ್ಲರಿಗೂ ಒಪ್ಪಿಗೆಯಾದ ಮೇಲೆ ಯಂತ್ರದ ಬಳಿ ತಂದು ಆಪರೇಟರ್‌ಗೆ ತೋರಿಸಿದೆವು. ಆತ ಹಾಳೆ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸಾರ್, ನಾನು ನಿಲ್ಲುವುದು ಈ ಕಡೆ. ನೀವು ಫೋಟೊ ತೆಗೆದಿರುವುದು ಆ ಕಡೆಯಿಂದ. ನನಗೆ ಎಲ್ಲವೂ ತಿರುಗುಮುರುಗಾಗಿ ಕಾಣುತ್ತದೆ’ ಎಂದ. ಆರೂ ಫೋಟೊಗಳನ್ನು ಅವನ ಭುಜದ ಹಿಂದಿನಿಂದ ಮತ್ತೆ ತೆಗೆದೆವು. ಮೈಕ್ರೋಮೀಟರ್ ಹಿಡಿಯುವ ಮೊದಲು ಪಿನ್ನನ್ನು ಒರೆಸಿ ತಣಿಯಲು ಬಿಡಬೇಕೆಂಬ ಸಾಲನ್ನು ನಾವು ಬರೆದೇ ಇರಲಿಲ್ಲ. ಅದನ್ನು ಆತನೇ ಸೇರಿಸಿದ. ಬಿಸಿ ಉಕ್ಕು ಹಿಗ್ಗುತ್ತದೆ, ಏಳು ಮೈಕ್ರಾನಿನ ಲೆಕ್ಕದಲ್ಲಿ ಅದು ಸಣ್ಣ ಮಾತಲ್ಲ.

ಹಳೆಯ ಡ್ರಾಯಿಂಗ್ ಕಿತ್ತ ಜಾಗದಲ್ಲಿ ಗೋಂದಿನ ಕಲೆ ಉಳಿದಿತ್ತು. ಅದರ ಮೇಲೆಯೇ ಪ್ಲಾಸ್ಟಿಕ್ ಚೀಲದಲ್ಲಿ ಹೊಸ ಹಾಳೆ ಬಂತು. ಕೆಳಮೂಲೆಯಲ್ಲಿ ದಿನಾಂಕ, ರಿವಿಷನ್, ಮಾಲೀಕರ ಸಹಿ. ‘ಸಿದ್ಧಪಡಿಸಿದವರು’ ಎಂಬ ಖಾನೆಯಲ್ಲಿ ಆ ಆಪರೇಟರ್‌ನ ಸಹಿ.